ಬಿದ್ದ ತಂತ್ರಾಂಶವನ್ನು ಎಬ್ಬಿಸುವವರು ಯಾರು?

ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಗಣಕಯಂತ್ರವಿದೆ ಎಂದುಕೊಳ್ಳಿ. ಯಾವ ಪುಸ್ತಕ ಯಾರ ಬಳಿ ಇದೆ ಎಂಬ ಲೆಕ್ಕವೆಲ್ಲ ಅದರಲ್ಲಿದೆ. ರಾತ್ರಿ ಕರೆಂಟು ಹೋಗಿ ಬಂತು. ಯಂತ್ರವೇನೋ ಮತ್ತೆ ಚಾಲೂ ಆಯಿತು. ಅದರೊಳಗಿನ ತಂತ್ರಾಂಶ ಮಾತ್ರ ಮಲಗಿಯೇ ಇದೆ. ನಾಳೆ ಪರೀಕ್ಷೆ, ಪುಸ್ತಕ ಬೇಕು ಎಂದು ಬೆಳಗ್ಗೆ ಬಂದವರಿಗೆಲ್ಲ ‘ಸಿಸ್ಟಂ ಕೆಲಸ ಮಾಡುತ್ತಿಲ್ಲ’ ಎಂಬ ಉತ್ತರ.

ತೋಟದ ಪಂಪ್‌ಸೆಟ್ಟಿಗೆ ಈ ತೊಂದರೆಯಿಲ್ಲ. ತ್ರೀ ಫೇಸ್ ಕರೆಂಟು ಯಾವ ಹೊತ್ತಿನಲ್ಲಿ ಬಂದರೂ ಆಟೋ ಸ್ಟಾರ್ಟರ್ ಮೋಟಾರನ್ನು ತಾನೇ ಚಾಲೂ ಮಾಡುತ್ತದೆ. ಗಣಕದಲ್ಲೂ ಅಂಥದ್ದೊಂದು ವ್ಯವಸ್ಥೆ ಇದೆ. ಅದನ್ನು ತಿಳಿಯೋಣ.

ಕಂಟೈನರ್ ಎಂದರೇನು?

ತಂತ್ರಾಂಶ ಓಡಲು ಅದಕ್ಕೆ ಬೇಕಾದ ಸಹಾಯಕ ಕಡತಗಳೂ ಜೊತೆಗಿರಬೇಕು. ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ, ಬೇರೆ ತಂತ್ರಾಂಶಗಳಿಂದ ಪ್ರತ್ಯೇಕವಾಗಿ ಓಡಿಸಿದರೆ ಅದೇ ಕಂಟೈನರ್. 2013ರಲ್ಲಿ ಬಂದ ಡಾಕರ್ ಈ ವಿಧಾನವನ್ನು ಜನಪ್ರಿಯಗೊಳಿಸಿತು. ಕಂಟೈನರ್ ಬೇರೆಯದೇ ಒಂದು ಗಣಕವಲ್ಲ, ಇದನ್ನು ಮರೆಯಬೇಡಿ. ಲಿನಕ್ಸ್‌ನ ತಿರುಳಾದ ಕರ್ನೆಲ್ ಎಲ್ಲ ಕಂಟೈನರ್‌ಗಳಿಗೂ ಒಂದೇ. ಒಳಗಿನ ಮುಖ್ಯ ಕ್ರಮವಿಧಿ ನಿಂತರೆ ಕಂಟೈನರ್ ಕೂಡ ನಿಂತಂತೆ.

ಮೊದಲು ಏಳುವ ಮೇಲ್ವಿಚಾರಕ

ಲಿನಕ್ಸ್ ಯಂತ್ರ ಚಾಲೂ ಆದಾಗ ಕರ್ನೆಲ್ ಮೊದಲು ಒಂದು ಕ್ರಮವಿಧಿಯನ್ನು ಎಬ್ಬಿಸುತ್ತದೆ. ಅದರ ಸಂಖ್ಯೆ 1. ಉಳಿದ ಸೇವೆಗಳನ್ನು ಎಬ್ಬಿಸುವ ಹೊಣೆ ಅದರದು. ಇಂದು ಹೆಚ್ಚಿನ ಲಿನಕ್ಸ್ ಯಂತ್ರಗಳಲ್ಲಿ ಈ ಸ್ಥಾನದಲ್ಲಿರುವುದು ಸಿಸ್ಟಂಡಿ. ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಇದನ್ನು 2010ರಲ್ಲಿ ಹೊರತಂದರು. 2011ರಲ್ಲಿ ಫೆಡೋರಾ, 2015ರಲ್ಲಿ ಡೆಬಿಯನ್ ಮತ್ತು ಉಬುಂಟು ಇದನ್ನು ತಮ್ಮ ಮೂಲ ವ್ಯವಸ್ಥೆಯಾಗಿ ಒಪ್ಪಿಕೊಂಡವು.

ಸೇವೆಯೊಂದು ಸತ್ತಾಗ ಕರ್ನೆಲ್ ಅದರ ನಿರ್ಗಮನ ಸಂಖ್ಯೆಯನ್ನು ಸಿಸ್ಟಂಡಿಗೆ ತಿಳಿಸುತ್ತದೆ. 0 ಎಂದರೆ ಕೆಲಸ ಸರಿಯಾಗಿ ಮುಗಿಯಿತು; ಬೇರೆ ಸಂಖ್ಯೆ ಎಂದರೆ ಸಾಮಾನ್ಯವಾಗಿ ಏನೋ ಎಡವಟ್ಟು. ಮುಂದೇನು ಮಾಡಬೇಕೆಂಬುದನ್ನು ನಾವು ಮೊದಲೇ ಬರೆದಿಟ್ಟಿರಬೇಕು.

ಡಾಕರ್‌ನಲ್ಲಿ ಕಂಟೈನರ್‌ಗಳನ್ನು ನೋಡಿಕೊಳ್ಳಲು ಅದರದೇ ಹಿನ್ನೆಲೆ ಸೇವೆ ಇದೆ, ಮತ್ತೆ ಎಬ್ಬಿಸುವ ನಿಯಮಗಳೂ ಇವೆ. ಅದರ ಮೇಲೆ ಸಿಸ್ಟಂಡಿಯನ್ನೂ ಹೇರಿದರೆ ಒಂದೇ ಮೋಟಾರಿಗೆ ಎರಡು ಸ್ಟಾರ್ಟರ್ ಕೂಡಿಸಿದಂತೆ. ಪಾಡ್‌ಮನ್ ಎಂಬ ಇನ್ನೊಂದು ಸಾಧನಕ್ಕೆ ಅಂಥ ಹಿನ್ನೆಲೆ ಸೇವೆಯ ಅಗತ್ಯವಿಲ್ಲ. ಹಾಗಾಗಿ ಅದು ಸಿಸ್ಟಂಡಿಯೊಂದಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. 2023ರ ಪಾಡ್‌ಮನ್ 4.4ರಲ್ಲಿ ಸೇರಿದ ಕ್ವಾಡ್ಲೆಟ್ ಈ ಕೆಲಸವನ್ನು ಇನ್ನಷ್ಟು ಹಗುರ ಮಾಡಿತು.

ಕಡತದಲ್ಲಿ ಏನು ಬರೆಯಬೇಕು?

ಕ್ವಾಡ್ಲೆಟ್‌ಗೆ ಬೇಕಾದದ್ದು ಒಂದು ಚಿಕ್ಕ ಕಡತ. ಅದರಲ್ಲಿ ಮುಖ್ಯವಾಗಿ ಮೂರು ಭಾಗ. ಯಾವ ಗಂಟನ್ನು ಬಿಚ್ಚಿ ಓಡಿಸಬೇಕು ಎಂಬುದು ‘ಕಂಟೈನರ್’ ಭಾಗದಲ್ಲಿ. ಸತ್ತರೆ ಏನು ಮಾಡಬೇಕು ಎಂಬುದು ‘ಸರ್ವಿಸ್’ ಭಾಗದಲ್ಲಿ. ಯಂತ್ರ ಏಳುವಾಗ ಇದನ್ನೂ ಎಬ್ಬಿಸು ಎಂಬುದು ‘ಇನ್‌ಸ್ಟಾಲ್’ ಭಾಗದಲ್ಲಿ. ಅನೇಕರು ಎಡವುವುದು ಇಲ್ಲೇ. ನಡುವೆ ಸತ್ತದ್ದನ್ನು ಎಬ್ಬಿಸುವ ಆದೇಶ ಬೇರೆ, ಕರೆಂಟು ಬಂದಾಗ ಎಬ್ಬಿಸುವ ಆದೇಶ ಬೇರೆ. ನಮ್ಮ ಗ್ರಂಥಾಲಯಕ್ಕೆ ಎರಡೂ ಬೇಕು.

‘ರೀಸ್ಟಾರ್ಟ್’ ಎಂಬ ಸಾಲಿಗೆ ‘ಆನ್ ಫೇಲ್ಯೂರ್’ ಎಂದು ಬರೆದರೆ ತಪ್ಪಾಗಿ ನಿಂತಾಗ ಮಾತ್ರ ಎಬ್ಬಿಸುತ್ತದೆ. ‘ಆಲ್ವೇಸ್’ ಎಂದರೆ ಹೇಗೆ ನಿಂತರೂ ಎಬ್ಬಿಸುತ್ತದೆ. ನೀವಾಗಿ ಸಿಸ್ಟಂಡಿಯ ಮೂಲಕ ‘ನಿಲ್ಲಿಸು’ ಎಂದರೆ ಮಾತ್ರ ಎರಡರಲ್ಲೂ ಸುಮ್ಮನಿರುತ್ತದೆ. ಯಜಮಾನನ ಮಾತಿಗೆ ಎದುರಾಡುವುದಿಲ್ಲ!

ಬತ್ತಿದ ಬಾವಿಯ ಪಾಠ

ಬಾವಿಯಲ್ಲಿ ನೀರಿಲ್ಲದಿದ್ದರೂ ಸ್ಟಾರ್ಟರ್ ಬಿಡದೆ ಚಾಲೂ ಮಾಡಿದರೆ ಮೋಟಾರು ಸುಟ್ಟೀತು. ಹಾಗೆಯೇ ದೋಷವಿರುವ ತಂತ್ರಾಂಶ ಎದ್ದೊಡನೆ ಬೀಳುತ್ತಿದ್ದರೆ? ಸಿಸ್ಟಂಡಿ ಸಾಮಾನ್ಯವಾಗಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಕಾದು ಎಬ್ಬಿಸುತ್ತದೆ. 10 ಸೆಕೆಂಡಿನೊಳಗೆ 5 ಬಾರಿ ಎಬ್ಬಿಸಿದ ಮೇಲೂ ಬಿದ್ದರೆ ‘ಸೋತಿತು’ ಎಂದು ದಾಖಲಿಸಿ ಕೈಬಿಡುತ್ತದೆ.

ಈಗ ಒಂದು ಲೆಕ್ಕ. ನೀವು ಕಾಯುವ ಅವಧಿಯನ್ನು 10 ಸೆಕೆಂಡಿಗೆ ಏರಿಸಿದಿರಿ ಎನ್ನಿ. ಆಗ 10 ಸೆಕೆಂಡಿನಲ್ಲಿ 5 ಬಾರಿ ಎಬ್ಬಿಸಲು ಸಾಧ್ಯವೇ ಇಲ್ಲ. ಅಂದರೆ ಮಿತಿ ಮುಟ್ಟುವುದೇ ಇಲ್ಲ. ಏಳುವುದು ಬೀಳುವುದು ಕೊನೆಯಿಲ್ಲದೆ ನಡೆಯುತ್ತದೆ. ಕಾಯುವ ಅವಧಿ ಏರಿಸಿದಾಗ ಎಣಿಕೆಯ ಅವಧಿಯನ್ನೂ, ಉದಾಹರಣೆಗೆ 5 ನಿಮಿಷಕ್ಕೆ, ಏರಿಸಬೇಕು.

ಎದ್ದ ಮಾತ್ರಕ್ಕೆ ಗುಣವಾಯಿತೇ?

ಕೆಲವೊಮ್ಮೆ ತಂತ್ರಾಂಶ ಸಾಯುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ. ಉಸಿರಿದೆ, ಮಾತಿಲ್ಲ. ಬರಿಯ ಸಾವನ್ನು ಕಾಯುವವನಿಗೆ ಇದು ತಿಳಿಯದು. ಅದಕ್ಕಾಗಿ ಪಾಡ್‌ಮನ್‌ನಲ್ಲಿ ಆಗಾಗ ನಾಡಿ ನೋಡುವ ‘ಹೆಲ್ತ್ ಚೆಕ್’ ಸೌಲಭ್ಯವಿದೆ. ಉತ್ತರ ಬಾರದಿದ್ದರೆ ಕಂಟೈನರನ್ನು ಕೊಲ್ಲುವಂತೆ ಹೇಳಿಟ್ಟರೆ, ಸಿಸ್ಟಂಡಿ ಹೊಸದನ್ನು ಎಬ್ಬಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕ್ವಾಡ್ಲೆಟ್ ಪ್ರತಿ ಸಲವೂ ಹಳೆಯ ಕಂಟೈನರನ್ನು ತೆಗೆದುಹಾಕಿ ಹೊಸದನ್ನು ಸೃಷ್ಟಿಸುತ್ತದೆ. ಪುಸ್ತಕಗಳ ಲೆಕ್ಕವನ್ನು ಕಂಟೈನರಿನೊಳಗೇ ಬರೆದಿದ್ದರೆ ಅದೂ ಹೋಯಿತು! ತಂತ್ರಾಂಶ ನಗುನಗುತ್ತ ಎದ್ದಿರುತ್ತದೆ, ಲೆಕ್ಕದ ಪುಸ್ತಕ ಮಾತ್ರ ಖಾಲಿ. ಆದ್ದರಿಂದ ದತ್ತಾಂಶವನ್ನು ‘ವಾಲ್ಯೂಮ್’ ಎಂಬ ಹೊರಗಿನ ಉಗ್ರಾಣದಲ್ಲಿ ಇಡಬೇಕು. ಅದರ ಪ್ರತಿಯೊಂದನ್ನು ಬೇರೆ ಯಂತ್ರದಲ್ಲೂ ಇಡಬೇಕು.

ನೀವೇ ಮಾಡಿ ನೋಡಿ

ನಿಮ್ಮದೇ ಅಭ್ಯಾಸದ ಯಂತ್ರದಲ್ಲಿ ಒಂದು ಕಂಟೈನರನ್ನು ‘ಆಲ್ವೇಸ್’ ನಿಯಮದಡಿ ಓಡಿಸಿ. ಪಾಡ್‌ಮನ್‌ನ ‘ಕಿಲ್’ ಆದೇಶದಿಂದ ಅದನ್ನು ಕೊಲ್ಲಿ, ಏಳುತ್ತದೆಯೇ ನೋಡಿ. ನಂತರ ಸಿಸ್ಟಂಡಿಗೆ ‘ನಿಲ್ಲಿಸು’ ಎಂದು ಹೇಳಿ, ವ್ಯತ್ಯಾಸ ಗಮನಿಸಿ. ಕೊನೆಗೆ ‘ಜರ್ನಲ್’ ಎಂಬ ದಿನಚರಿಯನ್ನು ತೆರೆದು ಎಷ್ಟು ಬಾರಿ ಬಿತ್ತು, ಏಕೆ ಬಿತ್ತು ಎಂದು ಓದಿ. ಎಬ್ಬಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಬಹುದು. ಬಿದ್ದದ್ದೇಕೆ ಎಂದು ಕೇಳುವ ಕೆಲಸ ಮಾತ್ರ ಎಂದಿಗೂ ನಮ್ಮದೇ.