ಎಳ್ಳುಕಾಳಿನಷ್ಟು ಜೀರುಂಡೆಗೆ ನಾಮಕರಣ

ಮಲೇಷ್ಯಾದ ಸಬಾ ರಾಜ್ಯದಲ್ಲಿ, ಬೋರ್ನಿಯೋ ದ್ವೀಪದ ಮೇಲೆ, ಮಲಿಯಾವ್ ಬೇಸಿನ್ ಎಂಬ ದಟ್ಟ ಕಾಡಿದೆ. ಅಲ್ಲಿನ ತೊರೆಯೊಂದರಲ್ಲಿ ಸಿಕ್ಕಿದ ಕಪ್ಪು ನೀರು ಜೀರುಂಡೆಯೊಂದು 2018ರಲ್ಲಿ ಹೊಸ ಪ್ರಭೇದವೆಂದು ದಾಖಲಾಯಿತು. ಉದ್ದ ಸುಮಾರು 3 ಮಿಲಿಮೀಟರ್, ಅಂದರೆ ಒಂದು ಎಳ್ಳುಕಾಳಿನಷ್ಟು!

ವಿಶೇಷವೆಂದರೆ, ಶೋಧ ತಂಡದಲ್ಲಿ ವಿಜ್ಞಾನಿಗಳ ಜತೆಗೆ ಕೀಟಶಾಸ್ತ್ರ ಓದದ ಸಾಮಾನ್ಯ ನಾಗರಿಕರೂ ಇದ್ದರು. ಟ್ಯಾಕ್ಸನ್ ಎಕ್ಸ್‌ಪೆಡಿಶನ್ಸ್ ಎಂಬ ಸಂಸ್ಥೆ ಅವರನ್ನು ಕಾಡಿಗೆ ಕರೆದೊಯ್ದಿತ್ತು. ಹೆಸರನ್ನು ಮತ ಹಾಕಿ ಆರಿಸಲಾಯಿತು: ಗ್ರೂವೆಲಿನಸ್ ಲಿಯೊನಾರ್ಡೊಡಿಕ್ಯಾಪ್ರಿಯೊಯಿ. 'ಟೈಟಾನಿಕ್' ಚಿತ್ರದ ನಾಯಕನ ಪರಿಸರ ಕಾಳಜಿಗೆ ಸಂದ ಗೌರವವಿದು. ಆ ನಟ ಫೇಸ್‌ಬುಕ್‌ನಲ್ಲಿ ತನ್ನ ಭಾವಚಿತ್ರದ ಜಾಗದಲ್ಲಿ ಜೀರುಂಡೆಯ ಚಿತ್ರವನ್ನೇ ಹಾಕಿಕೊಂಡರು.

ಆದರೆ ಹೆಸರಿಡುವುದು ಸುಲಭದ ಕೆಲಸವಲ್ಲ. ಕೀಟವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅದರ ದಾಯಾದಿ ಪ್ರಭೇದಗಳೊಡನೆ ಅಂಗಾಂಗ ಹೋಲಿಸಬೇಕು. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಜೀರುಂಡೆಗಳಲ್ಲಿ ಗಂಡಿನ ಜನನಾಂಗದ ಆಕಾರವೇ ಹಲವು ಬಾರಿ ನಿರ್ಣಾಯಕ. ಬಳಿಕ ಚಿತ್ರ, ಅಳತೆ, ಸಿಕ್ಕಿದ ಸ್ಥಳಗಳ ವಿವರ ಬರೆದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಈ ಜೀರುಂಡೆಯ ವಿವರ 'ಝೂಕೀಸ್' ಪತ್ರಿಕೆಯಲ್ಲಿ ಬಂತು.

ಈ ಕುಟುಂಬದ ಜೀರುಂಡೆಗಳು ಮೈಯ ನವಿರು ರೋಮಗಳಲ್ಲಿ ಗಾಳಿಯ ತೆಳು ಪದರ ಹಿಡಿದಿಟ್ಟುಕೊಂಡು ನೀರಿನಡಿ ಉಸಿರಾಡುತ್ತವೆ. ಆದ್ದರಿಂದ ಆಮ್ಲಜನಕವುಳ್ಳ ಶುದ್ಧ ನೀರು ಅವಕ್ಕೆ ಬೇಕೇ ಬೇಕು. ಕಾಡು ಕಡಿದು ತೊರೆಗೆ ಹೂಳು ಬಂದರೆ ಮೊದಲು ಕಣ್ಮರೆಯಾಗುವುದು ಇಂತಹ ಜೀವಿಗಳೇ. ನಮ್ಮ ಸಹ್ಯಾದ್ರಿಯ ತೊರೆಗಳಲ್ಲೂ ಇವುಗಳ ಬಂಧುಗಳಿವೆ. ಹೆಸರೇ ಇಲ್ಲದ ಜೀವಿ ಅಳಿದರೆ ನಷ್ಟದ ಲೆಕ್ಕ ಬರೆಯಲು ಖಾತೆಯೂ ಇರುವುದಿಲ್ಲ.