ಧೂಳಿನ ನಾಡಿನಲ್ಲಿ ಹೊಗೆಸೂಚಕ

ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಬೆಳಕಿಂಡಿಯೆಂದರೇನೆಂದು ವಿವರಿಸಿ ಹೇಳಬೇಕಾಗಿಲ್ಲ. ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಅಂಥ ಮನೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಮಾಳಿಗೆಯಲ್ಲಿ ಬಿಟ್ಟ ಆ ಸಣ್ಣ ಕಿಂಡಿಯಿಂದ ಬಿಸಿಲುಕೋಲೊಂದು ಕತ್ತಲೆಯ ನಡುಮನೆಗೆ ಇಳಿಯುತ್ತದೆ. ಅದರೊಳಗೆ ಅಸಂಖ್ಯ ಧೂಳಿನ ಕಣಗಳು ಮಿನುಗುತ್ತ ತೇಲಾಡುತ್ತವೆ. ಕೋಲಿನ ಹೊರಗೆ ಧೂಳಿಲ್ಲವೆ? ಇದೆ, ಆದರೆ ಅಲ್ಲಿ ಕಣಗಳಿಗೆ ತಾಗಿ ನಮ್ಮ ಕಣ್ಣಿನತ್ತ ಚದುರಲು ಸಾಕಷ್ಟು ಬೆಳಕಿಲ್ಲ. ಒಲೆಯ ಹೊಗೆ ಅದೇ ಕಿಂಡಿಯನ್ನು ಹುಡುಕಿಕೊಂಡು ಏರಿದಾಗ ಕೋಲು ಇನ್ನಷ್ಟು ಸ್ಪಷ್ಟವಾಗಿ, ತುಸು ನೀಲಿಯಾಗಿ ಬೆಳಗುತ್ತದೆ. ಸೂಕ್ಷ್ಮಕಣಗಳಿಂದ ಬೆಳಕು ಹೀಗೆ ಚದುರುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಅಭ್ಯಸಿಸಿದನು.

ಈ ಬಿಸಿಲುಕೋಲನ್ನು ಅಂಗೈಯಗಲದ ಡಬ್ಬಿಯೊಂದರೊಳಗೆ ಕೂಡಿಹಾಕಿದರೆ ಏನಾಗುವುದೋ ಅದೇ ಇಂದಿನ ‘ಸ್ಮೋಕ್ ಡಿಟೆಕ್ಟರ್’. ಆಸ್ಪತ್ರೆ, ವಸತಿಗೃಹ, ಬ್ಯಾಂಕುಗಳ ಚಾವಣಿಯಲ್ಲಿ ಬಿಳಿಯ ತಟ್ಟೆಯಂತೆ ಅಂಟಿಕೊಂಡಿರುವ ಈ ಸಾಧನವನ್ನು ವಾಚಕರು ನೋಡಿಯೇ ಇರುತ್ತಾರೆ. ಅದನ್ನು ನಾವು ಇಲ್ಲಿ ಹೊಗೆಸೂಚಕವೆಂದು ಕರೆಯೋಣ. ಅದರೊಳಗಿನ ಕಪ್ಪು ಕೋಣೆಯಲ್ಲಿ ಒಂದು ಪುಟ್ಟ ದೀಪವಿದೆ. ಅದು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಚೆಲ್ಲುತ್ತದೆ. ಬೆಳಕನ್ನು ಗ್ರಹಿಸುವ ಇನ್ನೊಂದು ಭಾಗವೂ ಅಲ್ಲಿದೆ. ಆದರೆ ಅದನ್ನು ದೀಪಕ್ಕೆ ಎದುರಾಗಿ ಇಡದೆ ಓರೆಯಾಗಿ ಇಟ್ಟಿರುತ್ತಾರೆ. ಕೋಣೆಯ ಗಾಳಿ ನಿರ್ಮಲವಾಗಿರುವಾಗ ಗ್ರಾಹಕಕ್ಕೆ ಬೆಳಕು ಮುಟ್ಟುವುದಿಲ್ಲವೆಂದೇ ಹೇಳಬಹುದು. ಹೊಗೆ ಒಳಹೊಕ್ಕೊಡನೆ ಅದರ ಕಣಗಳು ಕಿರಣವನ್ನು ಚದುರಿಸುತ್ತವೆ. ಚದುರಿದ ಬೆಳಕಿನ ಒಂದಂಶ ಗ್ರಾಹಕದ ಮೇಲೆ ಬೀಳುತ್ತದೆ. ಗೊತ್ತಾದ ಮಿತಿಯನ್ನು ಅದು ದಾಟಿದರೆ ಗಂಟೆ ಮೊಳಗುತ್ತದೆ.

ಬೆಂಕಿ ಹತ್ತಿದಾಗ ಹೊಗೆಗಾಗಿಯೇ ಏಕೆ ಇಷ್ಟು ಕಾವಲು? ಬೆಂಗಳೂರಿನ ಹಳೆಯ ವಿಮಾನನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಎಂಬ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ನಡೆದ ದುರಂತವೇ ಇದಕ್ಕೆ ಉತ್ತರ. ವಿದ್ಯುತ್ ತಂತಿಗಳು ಹಾದುಹೋಗುವ ಕೊಳವೆಯಂಥ ಮಾರ್ಗದಲ್ಲಿ ಹುಟ್ಟಿದ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. 9 ಮಂದಿ ಪ್ರಾಣ ಕಳೆದುಕೊಂಡರು. ಹೊಗೆಯನ್ನು ತಾಳಲಾರದೆ ಕಿಟಕಿಯಿಂದ ಧುಮುಕಿದವರೂ ಇದ್ದರು. ಜ್ವಾಲೆ ಒಂದೆಡೆ ಉರಿಯುತ್ತಿರುವಾಗ ಹೊಗೆ ಇಡೀ ಕಟ್ಟಡವನ್ನು ಸುತ್ತಿಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹೊಗೆಗೆ ವಾಸನೆಯುಂಟಲ್ಲ, ಎಚ್ಚರವಾಗದೆ ಇದ್ದೀತೆ ಎಂದರೆ, ಗಾಢನಿದ್ರೆಯಲ್ಲಿ ಮೂಗು ನಂಬಿಕೆಗೆ ಅರ್ಹವಾದ ಕಾವಲುಗಾರನಲ್ಲ. ಕಿವಿ ಅದಕ್ಕಿಂತ ಎಷ್ಟೋ ವಾಸಿ. ಹೊಗೆಸೂಚಕ ಮಾಡುವ ಕೆಲಸ ಇಷ್ಟೇ: ಮೂಗಿನ ಕೆಲಸವನ್ನು ಕಿವಿಗೆ ವರ್ಗಾಯಿಸುವುದು.

ಹೊಗೆಯನ್ನು ಹಿಡಿಯಲು ಇನ್ನೊಂದು ಉಪಾಯವೂ ಉಂಟು. ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲವನ್ನು ಪತ್ತೆಮಾಡುವ ಯಂತ್ರವನ್ನು ಕಟ್ಟಲು ಹೆಣಗುತ್ತಿದ್ದನು. ಗಾಳಿಯನ್ನು ಅಯಾನುಗಳಾಗಿ ಒಡೆದು ಅದರ ಮೂಲಕ ಕಿರಿದಾದ ವಿದ್ಯುತ್ ಪ್ರವಾಹವನ್ನು ಹರಿಸಿದರೆ, ವಿಷಾನಿಲ ಬಂದಾಗ ಪ್ರವಾಹ ಕುಗ್ಗೀತೆಂಬುದು ಅವನ ಎಣಿಕೆ. ಅನಿಲವನ್ನು ಬಿಟ್ಟರೆ ಮುಳ್ಳು ಅಲುಗಲೇ ಇಲ್ಲ. ಬೇಸತ್ತು ಸಿಗರೇಟು ಹಚ್ಚಿದನಂತೆ. ಮುಳ್ಳು ಥಟ್ಟನೆ ಕೆಳಗಿಳಿಯಿತು! ಹೊಗೆಯ ಕಣಗಳು ಅಯಾನುಗಳನ್ನು ತಮಗೆ ಅಂಟಿಸಿಕೊಂಡು ಪ್ರವಾಹವನ್ನು ಕುಗ್ಗಿಸಿದ್ದವು. ಈ ಬಗೆಯ ಸೂಚಕಗಳಲ್ಲಿ ಅಯಾನುಗಳನ್ನು ಉಂಟುಮಾಡಲು ಅಮೆರಿಸಿಯಮ್-241 ಎಂಬ ವಿಕಿರಣಶೀಲ ಧಾತುವನ್ನು ಬಳಸುತ್ತಾರೆ. ಮನೆಬಳಕೆಯ ಸೂಚಕದಲ್ಲಿ ಅದರ ಪ್ರಮಾಣ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಅರ್ಧಾಯುಷ್ಯ ಸುಮಾರು 432 ವರ್ಷ. ಅದು ಹೊರಸೂಸುವ ಆಲ್ಫಾ ಕಣಗಳು ಕೆಲವು ಸೆಂಟಿಮೀಟರ್ ಗಾಳಿಯಲ್ಲಿಯೇ ನಿಂತುಹೋಗುವುದರಿಂದ ಕೆಳಗೆ ಮಲಗಿದವರಿಗೆ ಅಪಾಯವಿಲ್ಲ. ಆದರೂ ಕುತೂಹಲಕ್ಕೆಂದು ಒಡೆದು ನೋಡುವುದಾಗಲಿ, ಹಳತಾದುದನ್ನು ಗುಜರಿಗೆ ಎಸೆಯುವುದಾಗಲಿ ಕೂಡದು. ನಮ್ಮ ದೇಶದಲ್ಲಿ ಇಂಥ ವಸ್ತುಗಳ ಮೇಲ್ವಿಚಾರಣೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು.

ಎರಡರಲ್ಲಿ ಯಾವುದು ಮೇಲು? ಧಗಧಗನೆ ಉರಿಯುವ ಬೆಂಕಿಯ ಹೊಗೆಯಲ್ಲಿ ಅತಿಸೂಕ್ಷ್ಮ ಕಣಗಳೇ ಹೆಚ್ಚು. ಅವನ್ನು ಅಯಾನು ಸೂಚಕ ಬೇಗ ಹಿಡಿಯುತ್ತದೆ. ಬೂದಿಯೊಳಗಿನ ಕೆಂಡದಂತೆ ಜ್ವಾಲೆಯಿಲ್ಲದೆ ಕನಲುವ ಬೆಂಕಿಯ ಹೊಗೆಯ ಕಣಗಳು ದಪ್ಪ. ಅವು ಬೆಳಕಿನ ಸೂಚಕಕ್ಕೆ ಮೊದಲು ಕಾಣುತ್ತವೆ. ಬಳ್ಳಾರಿ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಇತ್ಯರ್ಥವಾಗುತ್ತದೆ, ಏಕೆಂದರೆ ಇದು ಹತ್ತಿಯ ಸೀಮೆ. ಅರಳೆಯಲ್ಲಿ ಸಿಕ್ಕಿಕೊಂಡ ಕಿಡಿಯೊಂದು ಬೇಲಿನೊಳಗೆ ಒತ್ತಿ ಕಟ್ಟಲ್ಪಟ್ಟರೆ, ಹೊರಗೆ ಏನೂ ತೋರಗೊಡದೆ ದಿನಗಟ್ಟಲೆ ಒಳಗೊಳಗೇ ಕನಲುತ್ತಿರಬಲ್ಲುದು. ನಗರದ ಓಣಿಗಳಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿಯೂ ಹತ್ತಿಬಟ್ಟೆಯ ತುಂಡುಗಳ ರಾಶಿ ಇದ್ದೇ ಇರುತ್ತದೆ. ಕೆಳಗೆ ಯಂತ್ರಗಳು, ಮೇಲೆ ಸಂಸಾರ.

ಆದರೆ ತೊಡಕು ಇಲ್ಲಿಯೇ ಆರಂಭವಾಗುತ್ತದೆ. ಹೊಗೆಸೂಚಕಕ್ಕೆ ಬೆಂಕಿಯ ಪರಿಚಯವಿಲ್ಲ. ಅದಕ್ಕೆ ಗೊತ್ತಿರುವುದು ಕಣಗಳು ಮಾತ್ರ. ಬಿಸಿಲುಕೋಲಿನಲ್ಲಿ ಹೊಗೆ ಕಂಡಂತೆ ಧೂಳೂ ಕಾಣುತ್ತದಲ್ಲವೆ? ಜಿನ್ನಿನ ಹತ್ತಿಯ ಎಳೆ, ಸಿರುಗುಪ್ಪದ ಅಕ್ಕಿ ಗಿರಣಿಯ ತೌಡು ಮತ್ತು ಹೊಟ್ಟಿನ ಪುಡಿ, ಬೇಸಗೆಯ ಸುಂಟರಗಾಳಿ ಹೊತ್ತುತರುವ ಕರಿಮಣ್ಣು, ಇವೆಲ್ಲ ಅದರ ಪಾಲಿಗೆ ಹೊಗೆಯೇ. ಬೆಳಗಿನ ಒಗ್ಗರಣೆ ಮಂಡಕ್ಕಿಗೂ ಮಿರ್ಚಿಗೂ ಹೆಸರಾದ ಊರಿನಲ್ಲಿ ಅಡುಗೆಮನೆಯ ಬಾಗಿಲಿಗೇ ಸೂಚಕವನ್ನು ತೂಗುಹಾಕಿದರೆ ದಿನಕ್ಕೆರಡು ಸಲ ಗಂಟೆ ಬಾರಿಸುವುದರಲ್ಲಿ ಸಂದೇಹವಿಲ್ಲ. ಮೊದಲ ವಾರ ಎಲ್ಲರೂ ಹೊರಗೆ ಓಡುತ್ತಾರೆ. ಎರಡನೆಯ ವಾರ ನಗುತ್ತಾರೆ. ಮೂರನೆಯ ವಾರ ಯಾರೋ ಒಬ್ಬರು ಸ್ಟೂಲು ಹತ್ತಿ ಬ್ಯಾಟರಿಯನ್ನು ಕಿತ್ತಿಡುತ್ತಾರೆ. ಇದು ಬರಿಯ ವಿನೋದದ ಮಾತಲ್ಲ. 1960ರ ದಶಕದಲ್ಲಿ ಡ್ವೇನ್ ಪಿಯರ್ಸಾಲ್ ಎಂಬಾತ ಬ್ಯಾಟರಿಯಿಂದ ನಡೆಯುವ ಮನೆಬಳಕೆಯ ಸೂಚಕವನ್ನು ರೂಪಿಸಿದ ಅಮೆರಿಕದಲ್ಲಿ, ಕೆಲಸ ಮಾಡುವ ಸೂಚಕವಿರುವ ಮನೆಗಳಲ್ಲಿ ಬೆಂಕಿಯಿಂದಾಗುವ ಸಾವಿನ ಪ್ರಮಾಣ ಉಳಿದ ಮನೆಗಳದರ ಅರ್ಧಕ್ಕಿಂತಲೂ ಕಡಿಮೆಯೆಂದು ಸಮೀಕ್ಷೆಗಳು ತಿಳಿಸುತ್ತವೆ. ಬೆಂಕಿ ಬಿದ್ದಾಗ ಸೂಚಕ ಕೂಗದೆ ಹೋದ ಪ್ರಸಂಗಗಳಲ್ಲಿ ಅತಿ ಸಾಮಾನ್ಯವಾದ ಕಾರಣ ಯಂತ್ರದೋಷವಲ್ಲ, ಇಲ್ಲದ ಇಲ್ಲವೆ ಕಳಚಿದ ಬ್ಯಾಟರಿ. ಸೂಚಕ ಸುಳ್ಳು ಹೇಳದಂತೆ ನೋಡಿಕೊಳ್ಳುವುದೇ ಅದನ್ನು ಬದುಕಿಸಿ ಇಡುವ ದಾರಿ. ಆ ಕೆಲಸ ಸೂಚಕಕ್ಕೆ ಸ್ಥಳವನ್ನು ಗೊತ್ತುಮಾಡುವಾಗಲೇ ಮೊದಲಾಗುತ್ತದೆ.

ಬಿಸಿಗಾಳಿಯೊಂದಿಗೆ ಹೊಗೆ ಮೇಲೇರುವುದರಿಂದ ಸೂಚಕದ ಸ್ಥಾನ ಚಾವಣಿ. ಸಮತಟ್ಟಾದ ಚಾವಣಿಯಲ್ಲಿ, ಕೋಣೆಯ ಯಾವ ಮೂಲೆಯಿಂದಲೂ ಒಂದು ಸೂಚಕ ಸುಮಾರು 7.5 ಮೀಟರಿನೊಳಗೆ ಸಿಗುವಂತೆ ಹಂಚುವುದು ವಾಡಿಕೆ. ಗೋಡೆಗೆ ತೀರ ಒತ್ತಿ ಇಡದೆ ಅರ್ಧ ಮೀಟರಿನಷ್ಟು ಬಿಡಬೇಕು. ಮೂಲೆಗಳಲ್ಲಿ ಗಾಳಿ ಕದಲದೆ ನಿಲ್ಲುವುದರಿಂದ ಹೊಗೆ ಅಲ್ಲಿಗೆ ತಡವಾಗಿ ತಲಪುತ್ತದೆ. ಫ್ಯಾನಿನ ರೆಕ್ಕೆಯಿಂದಲೂ ಹವಾನಿಯಂತ್ರಣದ ಬಾಯಿಯಿಂದಲೂ ಒಂದು ಮೀಟರಾದರೂ ದೂರವಿರಬೇಕು. ಹಳೆಯ ಕಟ್ಟಡಗಳಲ್ಲಿ ದಪ್ಪ ತೊಲೆಗಳಿದ್ದರೆ ಎರಡು ತೊಲೆಗಳ ನಡುವಣ ಅಂಕಣ ಹೊಗೆಯನ್ನು ಬಟ್ಟಲಿನಂತೆ ಹಿಡಿದಿಡುತ್ತದೆ. ಪಕ್ಕದ ಅಂಕಣದ ಸೂಚಕಕ್ಕೆ ಬಟ್ಟಲು ತುಂಬಿ ಚೆಲ್ಲುವವರೆಗೂ ಸುದ್ದಿ ಮುಟ್ಟದು. ಅಡುಗೆಯ ಒಲೆಯಿಂದ ಸೂಚಕವನ್ನು 3 ಮೀಟರು ದೂರವಿಟ್ಟು, ಅಡುಗೆಮನೆಗೆ ಶಾಖಸೂಚಕವನ್ನು ಹಾಕುವುದು ಉತ್ತಮ. ಅದು ಕಣಗಳ ಗೊಡವೆಗೆ ಹೋಗುವುದಿಲ್ಲ. ಸಾಮಾನ್ಯವಾಗಿ 57 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಎಚ್ಚರಗೊಳ್ಳುತ್ತದೆ. ತಗಡಿನ ಮಾಡಿನ ಕೆಳಗಾದರೆ ಇನ್ನೂ ಹೆಚ್ಚಿನ ಉಷ್ಣತೆಗೆಂದು ತಯಾರಾದುದನ್ನೇ ಆರಿಸಬೇಕು. ಇಲ್ಲವಾದರೆ ಏಪ್ರಿಲ್ ತಿಂಗಳ ಬಿಸಿಲನ್ನೇ ಬೆಂಕಿಯೆಂದು ಅದು ಸಾರೀತು!

ಬಳ್ಳಾರಿಯ ಬಿಸಿಲಿನ ಮಾತು ಇಲ್ಲಿಗೆ ಮುಗಿಯಲಿಲ್ಲ. ಅಮೆರಿಕದಂಥ ದೇಶಗಳ ಮನೆಗಳಿಗೆಂದು ತಯಾರಾದ ಅನೇಕ ಸೂಚಕಗಳನ್ನು ಸುಮಾರು 4ರಿಂದ 38 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಬಳಸಬೇಕೆಂದು ತಯಾರಕರೇ ಬರೆದಿರುತ್ತಾರೆ. ನಮ್ಮಲ್ಲಿ ಬೇಸಗೆಯಲ್ಲಿ ನೆರಳಿನ ಉಷ್ಣತೆಯೇ 40 ದಾಟುವುದು ಹೊಸತಲ್ಲ. ಆದಕಾರಣ ಕೊಳ್ಳುವ ಮೊದಲು ಡಬ್ಬಿಯ ಮೇಲಿನ ಆ ಸಣ್ಣ ಅಕ್ಷರಗಳನ್ನು ಓದುವುದು ವಿಹಿತ. ಎತ್ತರವಾದ ಗೋದಾಮುಗಳಲ್ಲಿ ಇನ್ನೊಂದು ವಿಚಿತ್ರವಿದೆ. ಕಾದ ತಗಡಿನ ಕೆಳಗೆ ಬಿಸಿಗಾಳಿಯ ಪದರವೊಂದು ಹಾಸಿಕೊಂಡಿರುತ್ತದೆ. ಕನಲುವ ಹತ್ತಿಯ ಹೊಗೆಗೆ ಶಾಖ ಕಡಿಮೆ. ಅದು ಏರುತ್ತ ತಣಿದು ಆ ಪದರದ ಅಡಿಯಲ್ಲಿಯೇ ಹರಡಿ ನಿಲ್ಲುತ್ತದೆ. ಚಾವಣಿಗೆ ಅಂಟಿದ ಸೂಚಕ ಅದನ್ನು ಕಾಣುವುದೇ ಇಲ್ಲ. ಇಂಥಲ್ಲಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕಿರಣವನ್ನು ಹಾಯಿಸಿ, ಹೊಗೆಯಿಂದ ಅದು ಮಸಕಾಗುವುದನ್ನು ಅಳೆಯುವ ಸೂಚಕಗಳನ್ನು ಪದರಕ್ಕಿಂತ ಕೆಳಗೆ ಅಳವಡಿಸುತ್ತಾರೆ.

ದೊಡ್ಡ ಕಟ್ಟಡಗಳಲ್ಲಿ ಸೂಚಕಗಳನ್ನೆಲ್ಲ ತಂತಿಯಿಂದ ಒಂದು ನಿಯಂತ್ರಣ ಫಲಕಕ್ಕೆ ಜೋಡಿಸಿರುತ್ತಾರೆ. ಸರಳವಾದ ಏರ್ಪಾಡುಗಳಲ್ಲಿ ತಂತಿಯ ಕೊನೆಗೊಂದು ವಿದ್ಯುತ್ ರೋಧಕವಿದ್ದು, ಅದರ ಮೂಲಕ ಕಿರಿದಾದ ಪ್ರವಾಹ ಹಗಲಿರುಳು ಹರಿಯುತ್ತಿರುತ್ತದೆ. ಸೂಚಕ ಎಚ್ಚತ್ತರೆ ಪ್ರವಾಹ ಏರುತ್ತದೆ, ಗಂಟೆ ಬಾರಿಸುತ್ತದೆ. ಗಿರಣಿಯ ಇಲಿಯೊಂದು ತಂತಿಯನ್ನು ಕಡಿದರೆ ಪ್ರವಾಹ ನಿಂತುಹೋಗುತ್ತದೆ. ಫಲಕದಲ್ಲಿ ದೋಷದ ದೀಪ ಹತ್ತುತ್ತದೆ. ಏನೂ ಆಗದಿರುವಾಗಲೂ ಹರಿಯುವ ಆ ಪ್ರವಾಹವೇ ‘ಎಲ್ಲವೂ ಕ್ಷೇಮ’ ಎಂಬ ವರದಿ. ಈ ಯುಕ್ತಿ ನಮಗೆ ಬಹಳ ಮೆಚ್ಚುಗೆಯಾದುದು. ವಿದ್ಯುತ್ತು ಹೋದಾಗ ಫಲಕವನ್ನು ನಡೆಸಲು ಬ್ಯಾಟರಿಗಳಿರುತ್ತವೆ. ಈ ಏರ್ಪಾಡುಗಳನ್ನು ಕುರಿತು ಭಾರತೀಯ ಮಾನಕ ಸಂಸ್ಥೆಯ ಐಎಸ್ 2189 ಎಂಬ ಸಂಹಿತೆಯೇ ಇದೆ.

ಇನ್ನು ಪರೀಕ್ಷೆ. ಮನೆಬಳಕೆಯ ಸೂಚಕದ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಗುಂಡಿ ಒತ್ತಿದಾಗ ಕೂಗಿತೆಂದರೆ ಬ್ಯಾಟರಿ, ವಿದ್ಯುನ್ಮಂಡಲ, ಗಂಟೆ ಇವು ಸರಿಯಾಗಿವೆಯೆಂದು ತಿಳಿಯುತ್ತದೆ. ಹೊಗೆ ಒಳಗೆ ಹೋಗುವ ದಾರಿ ತೆರೆದಿದೆಯೇ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಕಟ್ಟಡಗಳಲ್ಲಿ ತಜ್ಞರು ಉದ್ದನೆಯ ಕೋಲಿನ ತುದಿಯ ಬಟ್ಟಲಿನಿಂದ ಸೂಚಕವನ್ನು ಮುಚ್ಚಿ, ಹೊಗೆಯನ್ನು ಹೋಲುವ ತುಂತುರನ್ನು ಒಳಬಿಟ್ಟು ಪರೀಕ್ಷಿಸುತ್ತಾರೆ. ಊದುಬತ್ತಿಯನ್ನು ಹಿಡಿದು ನೋಡುವ ರೂಢಿಯೂ ಇದೆ. ನಾವು ಅದನ್ನು ಸಲಹೆಮಾಡುವುದಿಲ್ಲ. ಅದರ ಜಿಡ್ಡು ಕೋಣೆಯ ಗೋಡೆಗೆ ಅಂಟಿಕೊಂಡು ಧೂಳನ್ನು ಕರೆಯುತ್ತದೆ.

ಧೂಳು ಕೂತ ಕೋಣೆ ಎರಡು ಬಗೆಯಾಗಿ ಕೆಡಬಹುದು. ಕಪ್ಪು ಗೋಡೆಯ ಮೇಲೆ ಬೂದುಬಣ್ಣದ ಧೂಳು ಸೇರಿದರೆ ಅದೇ ಬೆಳಕನ್ನು ಚದುರಿಸಿ, ಹೊಗೆಯಿಲ್ಲದೆಯೂ ಗಂಟೆ ಬಾರಿಸುವಂತಾಗುತ್ತದೆ. ಹೊರಗಿನ ಜಾಲರಿಯೇ ಮುಚ್ಚಿಹೋದರೆ ಹೊಗೆ ಬಂದರೂ ಗಂಟೆಯಿಲ್ಲ. ಮೊದಲನೆಯದು ಎಲ್ಲರಿಗೂ ತಿಳಿಯುತ್ತದೆ, ಎರಡನೆಯದು ಯಾರಿಗೂ ತಿಳಿಯುವುದಿಲ್ಲ. ಈಚಿನ ಕೆಲವು ಸೂಚಕಗಳು ನೀಲಿ ಮತ್ತು ಅವಕೆಂಪು ಎಂಬ ಎರಡು ಕಿರಣಗಳನ್ನು ಬಳಸಿ, ಅವು ಚದುರುವ ಪ್ರಮಾಣಗಳನ್ನು ಹೋಲಿಸುತ್ತವೆ. ದಪ್ಪ ಧೂಳಿಗೂ ಸಣ್ಣ ಹೊಗೆಗೂ ಆ ಪ್ರಮಾಣ ಬೇರೆ ಬೇರೆ. ಬೆಲೆ ಹೆಚ್ಚಾದರೂ ನಮ್ಮ ಗಿರಣಿಗಳಿಗೆ ಅವು ಒಪ್ಪುವಂಥವು.

ಉಳಿದವರಿಗೆ ಕುಂಚವೂ ಧೂಳು ಹೀರುವ ಯಂತ್ರವೂ ಸಾಕು. ಬೇರೆ ಊರುಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಸಾಲುವ ಶುಚಿಗೊಳಿಸುವಿಕೆ ಹತ್ತಿ ಮತ್ತು ಭತ್ತದ ಹಂಗಾಮಿನಲ್ಲಿ ತಿಂಗಳಿಗೊಮ್ಮೆ ಬೇಕಾದೀತು. ಮುಂಗಾರಿನ ಮೊದಲ ಮಳೆಗೆ ದೀಪಕ್ಕೆ ಮುತ್ತುವ ಹುಳುಗಳು ಇಳಿದ ಮೇಲೆ ಜಾಲರಿಯನ್ನು ಇನ್ನೊಮ್ಮೆ ನೋಡಬೇಕು. ಪುಟ್ಟ ಜೇಡವೊಂದು ಒಳಗೆ ಮನೆಮಾಡಿದರೂ ಕಿರಣಕ್ಕೆ ಅದು ಹೊಗೆಯಂತೆಯೇ ತೋರುತ್ತದೆ. ಸುಣ್ಣಬಣ್ಣದ ಕಾಲದಲ್ಲಿ ಸೂಚಕಕ್ಕೆ ಪ್ಲಾಸ್ಟಿಕ್ ಮುಚ್ಚಳ ತೊಡಿಸುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯುವುದು ಹೊಸ ಕಟ್ಟಡಗಳಲ್ಲಿ ಅಪರೂಪವಲ್ಲ. ನಿಮ್ಮ ವಿದ್ಯಾರ್ಥಿನಿಲಯದ ಚಾವಣಿಯಲ್ಲಿ ಹಳದಿಯ ಇಲ್ಲವೆ ಕೆಂಪು ಮುಚ್ಚಳ ಹೊತ್ತ ಸೂಚಕ ಕಂಡರೆ ಮೇಲ್ವಿಚಾರಕರಿಗೆ ಹೇಳಿ. ನಿಮಿಷಕ್ಕೊಮ್ಮೆ ಅದು ‘ಕಿಚ್’ ಎನ್ನುತ್ತಿದ್ದರೆ ಬ್ಯಾಟರಿ ಮುಗಿಯುತ್ತ ಬಂದಿದೆಯೆಂದು ಅರ್ಥ. ಮನೆಬಳಕೆಯ ಸೂಚಕದ ಬೆನ್ನ ಮೇಲೆ ತಯಾರಾದ ದಿನಾಂಕವಿರುತ್ತದೆ. ಅದರಿಂದ ಹತ್ತು ವರ್ಷ ಕಳೆದಿದ್ದರೆ, ಗುಂಡಿ ಒತ್ತಿದಾಗ ಎಷ್ಟೇ ಜೋರಾಗಿ ಕೂಗಲಿ, ಅದನ್ನು ಇಳಿಸಿ ಹೊಸದನ್ನು ಹಾಕಬೇಕು.