‘ಅರ್ಥವಾಯ್ತು ಅಜ್ಜ’ ಅಂದಮೇಲೆ...

ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಏನು ಮಾಡಿದರೂ ಬರೆದಿಡಬೇಕು, ಪಕ್ಕದಲ್ಲೊಂದು ಟಿಕ್ ಹಾಕಬೇಕು. ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳಿಗೆ ಗಣಿತ, ವಿಜ್ಞಾನದ ವಿಡಿಯೊ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಾಗಲೂ ಹಾಗೇ ಮಾಡಿದೆ. ಹಳೆಯ ಡೈರಿಯಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ: ತಾರೀಖು, ಪಾಠ, ಎಷ್ಟು ನಿಮಿಷ, ಅರ್ಥವಾಯಿತೇ? ಟ್ಯಾಬ್ ಕೊಡಿಸಿದವನೂ ನಾನೇ. ರಜೆ ಮುಗಿಯುವ ಹೊತ್ತಿಗೆ 48 ವಿಡಿಯೊ, 48 ಟಿಕ್. ಪ್ರತಿ ಸಲವೂ ಪುಟ್ಟಿಯ ಉತ್ತರ ಒಂದೇ, ‘ಅರ್ಥವಾಯ್ತು ಅಜ್ಜ.’

ಜುಲೈನಲ್ಲಿ ಏಳನೇ ತರಗತಿಯ ಮೊದಲ ಗಣಿತ ಪರೀಕ್ಷೆ ನಡೆಯಿತು. ಬಂದದ್ದು 20ಕ್ಕೆ 7.

ಲೆಕ್ಕ ತಾಳೆಯಾಗಲಿಲ್ಲ. ಉತ್ತರಪತ್ರಿಕೆಯನ್ನು ಅವಳು ಡ್ರಾಯಿಂಗ್ ಪುಸ್ತಕದೊಳಗೆ ಬಚ್ಚಿಟ್ಟಿದ್ದಳು. ಸೊಸೆಗೆ ಅದು ಸಿಕ್ಕಿತು. ‘ಬೇಜಾರು ಮಾಡ್ಕೋಬೇಡಿ ಮಾವ, ಈ ಟ್ಯಾಬ್ ಸಹವಾಸ ಸಾಕು’ ಎಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅದಕ್ಕೆ ನನಗೆ ಬೇಜಾರಾಗಲಿಲ್ಲ. ಆದರೆ ಆ ರಾತ್ರಿ ಪುಟ್ಟಿ ನನ್ನ ಮಂಚದ ಪಕ್ಕ ಬಂದು ನಿಂತು, ‘ಅಷ್ಟೊಂದು ವಿಡಿಯೊ ನೋಡಿದ್ರೂ ಬರ್ಲಿಲ್ಲ ಅಂದ್ರೆ ನಾನು ದಡ್ಡೀನೇ ಅಲ್ವಾ ಅಜ್ಜ?’ ಎಂದಳು. ಆ ಮಾತು ಚುಚ್ಚಿತು. ಟಿಕ್ ಹಾಕಿದವನು ನಾನು, ದಡ್ಡಿ ಅನ್ನಿಸಿಕೊಂಡವಳು ಅವಳು.

ಮರುದಿನ ಉತ್ತರಪತ್ರಿಕೆ ಬಿಚ್ಚಿ ಕೂತೆ. ಒಂದು ಪ್ರಶ್ನೆ: 6ನ್ನು ಮುಕ್ಕಾಲಿನಿಂದ ಭಾಗಿಸಿ. ಅವಳ ಉತ್ತರ 1/8. ಸರಿಯುತ್ತರ 8. ‘ತಲೆಕೆಳಗು ಮಾಡಿ ಗುಣಿಸಬೇಕು’ ಎಂಬುದು ಅವಳಿಗೆ ವಿಡಿಯೊದಿಂದ ನೆನಪಿತ್ತು. ಯಾವುದನ್ನು ತಲೆಕೆಳಗು ಮಾಡಬೇಕೆಂಬುದು ಮರೆತಿತ್ತು; ಮುಕ್ಕಾಲನ್ನು ಬಿಟ್ಟು ಆರನ್ನೇ ಮಗುಚಿದ್ದಳು. ಸೊಸೆಯನ್ನು ಕೇಳಿ ಟ್ಯಾಬ್ ಈಚೆ ತೆಗೆಸಿ ಅದೇ ವಿಡಿಯೊ ಹಾಕಿದೆ. ಅದರಲ್ಲಿನ ದನಿಗಿಂತ ಮೊದಲೇ ಇವಳು ಮುಂದಿನ ವಾಕ್ಯ ಹೇಳುತ್ತಿದ್ದಳು! ನಿಲ್ಲಿಸಿ ಅಂಥದೇ ಇನ್ನೊಂದು ಲೆಕ್ಕ ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕೂತಳು. ರೇಡಿಯೊದಲ್ಲಿ ಹಾಡು ಬರುವಾಗ ಜೊತೆಯಲ್ಲಿ ನಾವೂ ಪೂರ್ತಿ ಹಾಡುತ್ತೇವೆ. ರೇಡಿಯೊ ಆಫ್ ಮಾಡಿದರೆ ಎರಡನೇ ಚರಣ ಬಾಯಿಗೆ ಬರುವುದಿಲ್ಲ. ಹಾಗಾಗಿತ್ತು.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ‘ವೆರಿಟಾಸಿಯಂ’ ಎಂಬ ವಿಜ್ಞಾನದ ಯೂಟ್ಯೂಬ್ ಚಾನೆಲ್ ನಡೆಸುವ ಡೆರೆಕ್ ಮುಲ್ಲರ್ ಅದಕ್ಕೂ ಮುಂಚೆ ಇದೇ ವಿಷಯದಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ 2008ರಲ್ಲಿ ಡಾಕ್ಟರೇಟ್ ಪಡೆದವರು. ಚೆಂಡನ್ನು ಮೇಲಕ್ಕೆ ಎಸೆದಿದ್ದೇವೆ, ಅದು ಕೈಬಿಟ್ಟು ಮೇಲೇರುತ್ತಿದೆ. ಆಗ ಅದರ ಮೇಲೆ ಯಾವ ಬಲ ಕೆಲಸ ಮಾಡುತ್ತಿರುತ್ತದೆ? ನೀವೂ ಒಂದು ನಿಮಿಷ ಯೋಚಿಸಿ. ಕೈಯ ಬಲ ಇನ್ನೂ ಅದನ್ನು ಮೇಲಕ್ಕೆ ತಳ್ಳುತ್ತಿದೆ ಎಂದೇ ಹೆಚ್ಚಿನವರು ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಗಾಳಿಯ ತಡೆಯನ್ನು ಬಿಟ್ಟರೆ, ಕೈಯಿಂದ ಬಿಟ್ಟ ಕ್ಷಣದಿಂದ ಅದರ ಮೇಲಿರುವುದು ಕೆಳಕ್ಕೆ ಎಳೆಯುವ ಗುರುತ್ವ ಬಲ ಒಂದೇ.

ಇಂಥ ಪಾಠವನ್ನು ಮುಲ್ಲರ್ ಎರಡು ಬಗೆಯ ವಿಡಿಯೊಗಳಲ್ಲಿ ತೋರಿಸಿದರು. ಒಂದರಲ್ಲಿ ಚೊಕ್ಕವಾದ ವಿವರಣೆ. ವಿದ್ಯಾರ್ಥಿಗಳು ಅದನ್ನು ‘ಸುಲಭ, ಸ್ಪಷ್ಟ’ ಎಂದು ಹೊಗಳಿದರು. ಪರೀಕ್ಷೆ ಇಟ್ಟರೆ ಅಂಕ ಮೊದಲಿದ್ದಲ್ಲಿಂದ ಅಲ್ಲಾಡಿರಲಿಲ್ಲ ಎನ್ನಬೇಕು. ಇನ್ನೊಂದರಲ್ಲಿ ಒಬ್ಬ ಮೊದಲು ತಪ್ಪು ಉತ್ತರ ಹೇಳುತ್ತಾನೆ, ವಾದ ಮಾಡುತ್ತಾನೆ, ಆಮೇಲೆ ಸರಿ ದಾರಿಗೆ ಬರುತ್ತಾನೆ. ಅದನ್ನು ನೋಡಿದವರು ‘ಗೊಂದಲವಾಯಿತು’ ಎಂದು ಗೊಣಗಿದರು; ಅವರ ಅಂಕ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು! ಚೊಕ್ಕ ವಿವರಣೆ ಕೇಳುವಾಗ ‘ಇದು ನನಗೆ ಗೊತ್ತಿದ್ದದ್ದೇ’ ಎಂದು ತಲೆ ತೂಗುತ್ತೇವೆ. ನಮ್ಮ ತಲೆಯೊಳಗಿನ ತಪ್ಪು ಕೂತಲ್ಲೇ ಕೂತಿರುತ್ತದೆ. ಪುಟ್ಟಿ ‘ಅರ್ಥವಾಯ್ತು’ ಅಂದದ್ದು ಸುಳ್ಳಲ್ಲ. ಅವಳಿಗೆ ನಿಜವಾಗಿಯೂ ಹಾಗನ್ನಿಸಿತ್ತು.

ಇದನ್ನೆಲ್ಲ ತಿಳಿದುಕೊಳ್ಳುವಾಗ ನನಗೆ ರಾಯಚೂರು ಜಿಲ್ಲೆಯ ಒಂದು ಹಳ್ಳಿ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸದು. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೊ ಸಂಸ್ಥೆ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಮುಟ್ಟಿಸಿತ್ತು. ‘ಸೈಟ್’ ಎಂದು ಅದರ ಹೆಸರು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ಶಾಲೆಯ ಬಳಿ ಕೋಳಿಗೂಡಿನ ಜಾಲರಿಯಂಥ ತಂತಿಬಲೆಯ ದೊಡ್ಡ ಆಂಟೆನಾ. ಬೆಳಗ್ಗೆ ಮಕ್ಕಳಿಗೆ ಅರ್ಧ ಗಂಟೆಗೂ ಕಡಿಮೆ ಹೊತ್ತಿನ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ.

ಸಾಲದ ಅರ್ಜಿಗಳ ವಿಚಾರಣೆಗೆಂದು ಹೋಗಿದ್ದ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಅಂದು ಗಾಳಿಯ ಪಾಠ. ಮುಗಿದ ತಕ್ಷಣ ಮೇಷ್ಟ್ರು ಟಿ.ವಿ. ಆರಿಸಿ ಹುಡುಗರನ್ನು ಹೊರಗೆ ಕರೆದೊಯ್ದು ಒಂದು ಬಕೆಟ್ ನೀರು ತರಿಸಿದರು. ಲೋಟದ ತಳಕ್ಕೆ ಕಾಗದ ತುರುಕಿ, ಬೋರಲು ಹಾಕಿ ನೀರಿನಲ್ಲಿ ಮುಳುಗಿಸುವ ಮುಂಚೆ ‘ಕಾಗದ ನೆನೀತದೋ ಇಲ್ಲೋ, ಹೇಳ್ರಿ’ ಎಂದರು. ‘ನೆನೀತದರೀ’ ಎಂದು ಎಲ್ಲರೂ ಕೂಗಿದರು. ಕಾಗದ ಒಣಗಿದ್ದಂತೆಯೇ ಹೊರಬಂತು. ಲೋಟದಲ್ಲಿದ್ದ ಗಾಳಿ ನೀರನ್ನು ಒಳಗೆ ಬಿಟ್ಟಿರಲಿಲ್ಲ. ಆಮೇಲೆ ಲೋಟಕ್ಕಾಗಿ ಮಕ್ಕಳಲ್ಲಿ ಜಗಳವೋ ಜಗಳ. ಪಾಠ ಶುರುವಾದದ್ದು ಟಿ.ವಿ. ಆರಿಸಿದ ಮೇಲೆ ಎಂಬುದು ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಹಾಗಂತ ವಿಡಿಯೊ ಬೇಡವೆನ್ನುವ ಪೈಕಿ ನಾನಲ್ಲ. ಇಂದು ಜಗತ್ತಿಗೆಲ್ಲ ಗೊತ್ತಿರುವ ಖಾನ್ ಅಕಾಡೆಮಿ ಹುಟ್ಟಿದ್ದೂ ಒಂದು ಮನೆಯೊಳಗಿನ ಪಾಠದಿಂದಲೇ. ಸಲ್ಮಾನ್ ಖಾನ್ (ಸಿನಿಮಾದವರಲ್ಲ!) ಬಾಸ್ಟನ್‌ನಲ್ಲಿ ಹಣ ಹೂಡಿಕೆ ಕಂಪನಿಯ ಉದ್ಯೋಗಿ. 2004ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಚಿಕ್ಕ ವಯಸ್ಸಿನ ಸೋದರಸಂಬಂಧಿ ನಾದಿಯಾ ಅಳತೆಗಳ ಪರಿವರ್ತನೆಯ ಲೆಕ್ಕದಲ್ಲಿ ಎಡವಿದಳೆಂದು ಫೋನಿನಲ್ಲಿ ಹೇಳಿಕೊಡಲು ಶುರುಮಾಡಿದರು. ಕೇಳುವ ಮಕ್ಕಳು ಹೆಚ್ಚಾದಾಗ, 2006ರಲ್ಲಿ, ಪಾಠಗಳನ್ನು ಯೂಟ್ಯೂಬ್‌ಗೆ ಹಾಕಿದರು. ಆಗ ಹೆಚ್ಚೆಂದರೆ 10 ನಿಮಿಷದ ವಿಡಿಯೊ ಹಾಕಬಹುದಿತ್ತು. ಎದುರಿಗಿರುವ ಅಣ್ಣನಿಗಿಂತ ಯೂಟ್ಯೂಬಿನ ಅಣ್ಣನೇ ವಾಸಿ ಎಂದರಂತೆ ಆ ಮಕ್ಕಳು. ಯಾಕೆ? ಅವನನ್ನು ನಿಲ್ಲಿಸಬಹುದು. ನಾಚಿಕೆಯಿಲ್ಲದೆ ಹತ್ತು ಸಲ ಹಿಂದಕ್ಕೆ ಓಡಿಸಬಹುದು. ಅವನು ‘ಈಗಲಾದರೂ ತಿಳಿಯಿತೇ?’ ಎಂದು ಕೇಳುವುದಿಲ್ಲ. ಆ ನಿಲ್ಲಿಸುವ ಗುಂಡಿಯನ್ನು ನಾವು 48 ವಿಡಿಯೊಗಳಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ನನಗೆ ಟಿಕ್ ಹಾಕುವ ಅವಸರ.

ಈಗ ನಮ್ಮ ಮನೆಯಲ್ಲಿ ದಿನಕ್ಕೆ ಒಂದೇ ವಿಡಿಯೊ. ಆದಷ್ಟೂ ಆರು ನಿಮಿಷದೊಳಗಿನದು. ‘ಎಡ್‌ಎಕ್ಸ್’ ಎಂಬ ಆನ್‌ಲೈನ್ ಶಿಕ್ಷಣ ತಾಣದ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೂ, ಆರು ನಿಮಿಷ ದಾಟಿದರೆ ಜನರ ಗಮನ ಜಾರುತ್ತದೆ ಎಂದಿತ್ತು. ಅಲ್ಲಿದ್ದವರು ದೊಡ್ಡವರು, ಹನ್ನೆರಡರ ಹುಡುಗಿಗೆ ಇನ್ನೇನು! ಮೊದಲು ಪುಸ್ತಕ, ಪೆನ್ಸಿಲ್ ಎದುರಿಗಿರಬೇಕು. ವಿಡಿಯೊ ಹಾಕುವ ಮುಂಚೆಯೇ ಉತ್ತರ ಊಹಿಸಿ ಬರೆಯಬೇಕು, ತಪ್ಪಾದರೆ ಇನ್ನೂ ಒಳ್ಳೆಯದು. ಅರ್ಧಕ್ಕೆ ನಿಲ್ಲಿಸಿ ‘ಮುಂದೇನು?’ ಎನ್ನುತ್ತೇನೆ. ಹುಡುಕಾಟಕ್ಕೆ ಹೆಚ್ಚು ಕಷ್ಟವಿಲ್ಲ. ಸರ್ಕಾರಿ ಪಠ್ಯಪುಸ್ತಕದ ಪಾಠಗಳಲ್ಲಿ ಮುದ್ರಿಸಿರುವ ಚೌಕದ ಕ್ಯುಆರ್ ಕೋಡನ್ನು ‘ದೀಕ್ಷಾ’ ಆ್ಯಪ್‌ನಲ್ಲಿ ತೋರಿಸಿದರೆ ಆಯಾ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಖಾನ್ ಅಕಾಡೆಮಿಯ ಗಣಿತವೂ ಕನ್ನಡದಲ್ಲಿದೆ.

ವಿಜ್ಞಾನಕ್ಕೆ ಮಾತ್ರ ನನ್ನ ಮೆಚ್ಚಿನವರು ಅರವಿಂದ ಗುಪ್ತ. ಕಾನ್ಪುರ ಐಐಟಿಯಲ್ಲಿ ಓದಿದ ಎಂಜಿನಿಯರ್. ಪುಣೆಯ ಲಾರಿ ಕಾರ್ಖಾನೆಯಲ್ಲಿದ್ದವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋಗಿ, ಹಳ್ಳಿ ಮಕ್ಕಳಿಗಾಗಿ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್‌ಗಳಿಂದ ಆಕೃತಿ ಕಟ್ಟುವ ಆಟ ಕಂಡುಹಿಡಿದರು. 2018ರಲ್ಲಿ ಪದ್ಮಶ್ರೀ ಬಂತು. ಕಸದಿಂದ ಆಟಿಕೆ ಮಾಡುವ ಅವರ ಪುಟ್ಟ ಪುಟ್ಟ ವಿಡಿಯೊಗಳಲ್ಲಿ ಕೆಲವು ಕನ್ನಡದಲ್ಲೂ ಇವೆ. ಅವನ್ನು ಸುಮ್ಮನೆ ನೋಡಿ ಮುಗಿಸಲಾಗುವುದಿಲ್ಲ, ಕೈ ತುರಿಸುತ್ತದೆ.

ಸ್ಟ್ರಾದ ಒಂದು ತುದಿ ಚಪ್ಪಟೆ ಮಾಡಿ, ಇಕ್ಕೆಲಗಳನ್ನು ಓರೆಯಾಗಿ ಕತ್ತರಿಸಿ ಊದಿದರೆ ಪೀಪಿ. ಅಂಗಡಿಯ ಕಾಗದದ ಸ್ಟ್ರಾ ಎಂಜಲಿಗೆ ಮೆತ್ತಗಾಗಿ ಮೂಕವಾಯಿತು. ಅಡುಗೆಮನೆಯ ಡಬ್ಬದಲ್ಲಿದ್ದ ಹಳೆಯ ಪ್ಲಾಸ್ಟಿಕ್ ಸ್ಟ್ರಾ ನಾಲ್ಕನೇ ಪ್ರಯತ್ನಕ್ಕೆ ‘ಪೀ’ ಎಂದಿತು. ಪುಟ್ಟಿ ಊದುತ್ತಿದ್ದಂತೆ ನಾನು ಇನ್ನೊಂದು ತುದಿಯನ್ನು ಕತ್ತರಿಯಿಂದ ಚೂರುಚೂರೇ ಕತ್ತರಿಸಿದೆ. ಒಳಗಿನ ಗಾಳಿಯ ಕಂಬ ಗಿಡ್ಡವಾದಂತೆಲ್ಲ ಸ್ವರ ಏರಿತು. ದಪ್ಪವಾಗುತ್ತದೆಂದು ಊಹಿಸಿ ಬರೆದಿದ್ದಳು. ತಾನೇ ಅಳಿಸಿ ತಿದ್ದಿದಳು. ನಮ್ಮಾಕೆ ದೇವರಮನೆಯಿಂದ, ‘ಇದೇನು ಓಲಗ ಬೆಳಗ್ಗೆ ಬೆಳಗ್ಗೆ?’ ಎಂದಳು.

ಆ ಮುಕ್ಕಾಲಿನ ಲೆಕ್ಕಕ್ಕೆ ದಾರಿ ತೋರಿದ್ದೂ ಅವಳೇ. ‘6 ಮೊಳ ಹೂವು ಇದೆ, ಮುತ್ತೈದೆಯರಿಗೆ ಮುಕ್ಕಾಲು ಮೊಳದಂತೆ ಕೊಟ್ಟರೆ ಎಷ್ಟು ಜನಕ್ಕಾಗುತ್ತದೆ?’ ಎಂದಳು. ದಾರ ತಂದೆವು. ಪುಟ್ಟಿ ತನ್ನ ಮೊಳದಲ್ಲಿ ಆರು ಅಳೆದು, ಒಂದೊಂದು ಮೊಳವನ್ನೂ ನಾಲ್ಕು ಕಾಲಾಗಿ ಗುರುತು ಮಾಡಿದಳು. ಒಟ್ಟು 24 ಕಾಲು. ಒಬ್ಬರಿಗೆ ಮೂರು. ಎಂಟು ಜನ. ‘ಅಯ್ಯೋ, ಅದಕ್ಕೇ ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸೋದಾ!’ ಎಂದಳು. ಅವತ್ತು ಡೈರಿಯಲ್ಲಿ ನಾನೇನೂ ಬರೆಯಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ 20ಕ್ಕೆ 13 ಬಂತು. ಕೋನಗಳೆಂದರೆ ಈಗಲೂ ಹೆದರುತ್ತಾಳೆ. ಟ್ಯಾಬ್ ಸಂಜೆಯ ಹೊತ್ತು ಮಾತ್ರ ಬೀರುವಿನಿಂದ ಈಚೆ ಬರುತ್ತದೆ.

ಕಳೆದ ಭಾನುವಾರ ಬಳ್ಳಾರಿಯಲ್ಲಿರುವ ಅತ್ತೆಯ ಮಗನಿಗೆಂದು ಆ ದಾರದ ಲೆಕ್ಕವನ್ನು ತಾನೇ ನಾಲ್ಕು ನಿಮಿಷದ ವಿಡಿಯೊ ಮಾಡಿ ಕಳಿಸಿದಳು. ಅದರಲ್ಲಿ ಕಾಣುವುದು ಅವಳ ಎರಡು ಕೈ, ದಾರ, ಮೂಲೆಯಲ್ಲಿ ನನ್ನ ಚಪ್ಪಲಿ. ಹತ್ತು ನಿಮಿಷಕ್ಕೆ ಅವನ ಫೋನ್ ಬಂತು. ‘ಅಕ್ಕಾ, 7 ಮೊಳ ಇದ್ರೆ?’ ಇವಳು 28 ಕಾಲು ಎಣಿಸಿದಳು. ಒಂಬತ್ತು ಜನಕ್ಕೆ ಕೊಟ್ಟ ಮೇಲೆ ಒಂದು ಕಾಲು ಮೊಳ ಉಳಿಯಿತು. ‘ಹಾಗಾದ್ರೆ ಒಂಬತ್ತೂಕಾಲು’ ಎಂದಳು. ‘ನಮ್ ಪುಸ್ತಕದಲ್ಲಿ ಒಂಬತ್ತೂ ಒಂದು ಮೂರಾಂಶ ಅಂತಿದೆಯಲ್ಲ?’ ಎಂದ ಅವನು.

ಪುಟ್ಟಿ ನನ್ನ ಮುಖ ನೋಡಿದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ. ಅವಳು ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು, ಉಳಿದ ತುಂಡನ್ನು ಒಬ್ಬರ ಪಾಲಿನ ದಾರದ ಪಕ್ಕಕ್ಕೆ ಎಳೆದಿಟ್ಟು, ‘ತಡಿಯೋ, ಇಡಬೇಡ. ಇದು ಮೊಳದಲ್ಲಿ ಕಾಲು. ಆದ್ರೆ ಒಬ್ಬರ ಪಾಲಿನಲ್ಲಿ...’ ಎಂದು ಬೆರಳಿಟ್ಟು ಎಣಿಸತೊಡಗಿದಳು.